ಧ್ರುವಪ್ರಭೆಯೂ ಬಿರ್ಕೆಲಾಂಡನೂ

ನಾರ್ವೆ ದೇಶದ ಉತ್ತರದಂಚಿನಲ್ಲಿ ಆಲ್ಟ ಎಂಬ ಊರಿದೆ. ಸಮುದ್ರದ ತೋಳೊಂದು ಬೆಟ್ಟಗಳ ನಡುವೆ ಒಳಸರಿದು ಬಂದಿರುವ ಆ ಎಡೆಯಲ್ಲಿ ಹಾಲ್ಡೆ ಎಂಬ ಶಿಖರವು ಸುಮಾರು 900 ಮೀಟರು ಎತ್ತರಕ್ಕೆ ಎದ್ದು ನಿಂತಿದೆ. ನೆತ್ತಿಯ ಮೇಲೆ ಮರಗಿಡಗಳ ಸುಳಿವಿಲ್ಲ. ಬರಿಯ ಬಂಡೆ, ಹಿಮ, ಗಾಳಿ. ಚಳಿಗಾಲದಲ್ಲಿ ಸುಮಾರು ಎರಡು ತಿಂಗಳ ಕಾಲ ಅಲ್ಲಿ ಸೂರ್ಯನು ದಿಗಂತದ ಮೇಲೆ ಬರುವುದೇ ಇಲ್ಲ. 1899ರಲ್ಲಿ ಈ ಶಿಖರದ ಮೇಲೆ ಕಲ್ಲಿನ ಪುಟ್ಟ ಮನೆಯೊಂದು ಎದ್ದಿತು. ಕಣಿವೆಯಾಚೆಯ ನೆರೆಯ ಶಿಖರದ ಮೇಲೆ ಇನ್ನೊಂದು. ಎರಡರ ನಡುವೆ ದೂರವಾಣಿಯ ತಂತಿಯನ್ನು ಎಳೆಯಲಾಯಿತು. ಆ ಕತ್ತಲೆಯನ್ನೇ ಬಯಸಿ ಅಲ್ಲಿಗೆ ಹತ್ತಿ ಬಂದವನು ಕ್ರಿಸ್ಟಿಯಾನಿಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕ್ರಿಸ್ಟಿಯಾನ್ ಬಿರ್ಕೆಲಾಂಡ್. ಕ್ರಿಸ್ಟಿಯಾನಿಯವೆಂದರೆ ಇಂದಿನ ಓಸ್ಲೋ ನಗರ. ಆತನಿಗೆ ಆಗ ಇನ್ನೂ 32 ವರ್ಷ ತುಂಬಿರಲಿಲ್ಲ.

ಅದು ಆತನ ಮೊದಲ ಪ್ರಯತ್ನವೂ ಆಗಿರಲಿಲ್ಲ. ಎರಡು ವರ್ಷಗಳ ಹಿಂದೆ ಆ ಸೀಮೆಗೆ ಬಂದಿದ್ದಾಗ ಹಿಮಬಿರುಗಾಳಿಗೆ ಸಿಕ್ಕಿ, ಜೊತೆಗಿದ್ದ ಬ್ಯೋರ್ನ್ ಹೆಲ್ಲಾಂಡ್-ಹಾನ್ಸೆನ್ ಎಂಬ ವೈದ್ಯಕೀಯ ವಿದ್ಯಾರ್ಥಿಯ ಕೈಬೆರಳುಗಳನ್ನು ಶೀತವು ಕಚ್ಚಿಹಾಕಿತ್ತು. ಬೆರಳುಗಳನ್ನು ಕಳೆದುಕೊಂಡವನು ಶಸ್ತ್ರವೈದ್ಯನಾಗುವುದೆಂತು? ಆ ತರುಣನು ವೈದ್ಯವೃತ್ತಿಯ ಆಸೆಯನ್ನು ಬಿಟ್ಟು, ಮುಂದೆ ಸಮುದ್ರವಿಜ್ಞಾನದಲ್ಲಿ ದೊಡ್ಡ ಹೆಸರು ಗಳಿಸಿದನು. ಹಾಲ್ಡೆಯ ಚಳಿಗಾಲವು ಇನ್ನೂ ಕಠೋರವಾಯಿತು. ಅದು ಮುಗಿಯುವ ಮುನ್ನ, 1900ರಲ್ಲಿ, ಎಲಿಸಾರ್ ಬೊಯೆ ಎಂಬ ಸಹಾಯಕನು ಜಾರಿಬಿದ್ದ ಹಿಮರಾಶಿಯಡಿ ಸಿಕ್ಕಿ ಪ್ರಾಣ ಬಿಟ್ಟನು.

ಒಂದು ಬೆಳಕನ್ನು ನೋಡಲು ಇಷ್ಟು ಬೆಲೆಯೆ ಎಂದು ಯಾರಾದರೂ ಕೇಳಿದರೆ ತಪ್ಪೇನಿಲ್ಲ. ಆದರೆ ಅದು ಎಂಥ ಬೆಳಕೆಂಬುದನ್ನೂ ತಿಳಿಯಬೇಕು. ಮೊದಲು ಉತ್ತರದ ದಿಗಂತದ ಮೇಲೆ ಮಸುಕಾದ ಹಸಿರು ಕಮಾನೊಂದು ಮೂಡುತ್ತದೆ. ಗಳಿಗೆಗಟ್ಟಲೆ ಅದು ಅಲ್ಲಾಡದೆ ನಿಂತಿರುವುದುಂಟು. ಬಳಿಕ ಇದ್ದಕ್ಕಿದ್ದಂತೆ ಆ ಕಮಾನು ಮಡಿಕೆ ಮಡಿಕೆಯಾಗಿ, ಗಾಳಿಗೆ ಅಲೆಯುವ ತೆರೆಯಂತೆ ಆಕಾಶದ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಕೆಳಗಂಚಿನಲ್ಲಿ ನೇರಿಳೆ ಮಿಂಚು, ಮೇಲಂಚಿನಲ್ಲಿ ಕೆಂಪಿನ ಲೇಪ. ತೆರೆಯ ಹಿಂದಿನ ನಕ್ಷತ್ರಗಳು ಬೆಳಕಿನ ಮೂಲಕವೇ ಕಾಣುತ್ತಿರುತ್ತವೆ. ಆ ನಾಡಿನ ಸಾಮಿ ಜನರು ಇದನ್ನು ಕಂಡಾಗ ಸಿಳ್ಳು ಹಾಕಬಾರದು, ಅಣಕಿಸಬಾರದು ಎಂದು ಮಕ್ಕಳಿಗೆ ಕಲಿಸುತ್ತಿದ್ದರು. ಫಿನ್ನಿಷ್ ಭಾಷೆಯಲ್ಲಿ ಇದರ ಹೆಸರಿಗೆ ನರಿಯ ಬೆಂಕಿ ಎಂದರ್ಥ. ಕನ್ನಡದ ಆಡುಮಾತಿನಲ್ಲಿ ಇದಕ್ಕೆ ಹೆಸರಿಲ್ಲ. ಕಾಣದ ವಸ್ತುವಿಗೆ ಹೆಸರೆಲ್ಲಿಂದ ಬರಬೇಕು? ಧ್ರುವಪ್ರಭೆ ಎಂಬುದು ವಿಜ್ಞಾನದ ಪುಸ್ತಕಗಳ ಮಾತು.

ಈ ಬೆಳಕಿಗೂ ಭೂಮಿಯ ಕಾಂತಶಕ್ತಿಗೂ ನಂಟುಂಟೆಂಬ ಸುಳಿವು ಬಿರ್ಕೆಲಾಂಡನಿಗಿಂತ ಬಹು ಹಿಂದೆಯೇ ದೊರೆತಿತ್ತು. 1741ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಓಲೋಫ್ ಹ್ಯೋರ್ಟರ್ ಮತ್ತು ಆಂಡರ್ಸ್ ಸೆಲ್ಸಿಯಸ್ ಅವರು, ಆಕಾಶದಲ್ಲಿ ಪ್ರಭೆ ಆಡುವಾಗ ಮೇಜಿನ ಮೇಲಿನ ಕಾಂತಸೂಜಿಯೂ ಅಲುಗುವುದನ್ನು ಕಂಡಿದ್ದರು. ಉಷ್ಣತಾಮಾಪಕದ ಮಾನಕ್ಕೆ ಹೆಸರು ಕೊಟ್ಟ ಸೆಲ್ಸಿಯಸ್ಸನೇ ಈತ. ಸೂರ್ಯನೂ ಈ ವ್ಯವಹಾರದಲ್ಲಿ ಪಾಲುದಾರನೆಂಬುದು 1859ರಲ್ಲಿ ಹೊಳೆಯಿತು. ಆ ವರ್ಷದ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯಬಿಂಬದ ಕಲೆಗಳನ್ನು ಚಿತ್ರಿಸುತ್ತ ಕುಳಿತಿದ್ದಾಗ ಅವುಗಳ ನಡುವೆ ಕಣ್ಣು ಕೋರೈಸುವ ಬೆಳಕು ಚಿಮ್ಮಿ ಕೆಲವೇ ನಿಮಿಷಗಳಲ್ಲಿ ಆರಿತು. ಒಂದು ದಿನವೂ ತುಂಬುವಷ್ಟರಲ್ಲಿ ಭೂಮಿಯ ಸೂಜಿಗಳೆಲ್ಲ ಹುಚ್ಚೆದ್ದವು. ಉಷ್ಣವಲಯದ ಕ್ಯೂಬಾದವರೆಗೂ ಪ್ರಭೆ ಕಾಣಿಸಿತು. ಅಮೆರಿಕದಲ್ಲಿ ತಂತಿ ಕಚೇರಿಯವರು ಬ್ಯಾಟರಿಗಳನ್ನು ಕಳಚಿಟ್ಟು ಬರಿಯ ತಂತಿಯಲ್ಲಿ ಹರಿದ ವಿದ್ಯುತ್ತಿನಿಂದಲೇ ಸುದ್ದಿ ಕಳುಹಿಸಿದರು. ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಉಪಕರಣಗಳೂ ಆ ಕ್ಷೋಭೆಯನ್ನು ದಾಖಲಿಸಿದ್ದವು. ನೂರನಲವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ, 2003ರಲ್ಲಿ, ಆ ಸೌರಬಿರುಗಾಳಿಯ ಉಗ್ರತೆಯನ್ನು ಅಳೆಯಹೊರಟ ವಿಜ್ಞಾನಿಗಳಿಗೆ ಒದಗಿಬಂದದ್ದು ಆ ಹಳೆಯ ಕಡತವೇ.

ಸೂರ್ಯನಿಂದ ಏನು ಬರುತ್ತದೆ, ಅದು ಹೇಗೆ ಬೆಳಕಾಗುತ್ತದೆ ಎಂಬುದು ಮಾತ್ರ ತಿಳಿಯದೆ ಉಳಿಯಿತು. 1896ರಲ್ಲಿ ಬಿರ್ಕೆಲಾಂಡ್ ಒಂದು ಉತ್ತರವನ್ನು ಮುಂದಿಟ್ಟನು. ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ಹೊಮ್ಮುವ ಕ್ಯಾಥೋಡ್ ಕಿರಣಗಳನ್ನು ಕಾಂತದ ಬಳಿ ಹಾಯಿಸಿದಾಗ ಅವು ಕಾಂತದ ಧ್ರುವದ ಕಡೆಗೆ ಸೆಳೆದುಕೊಂಡು ಒಂದೆಡೆ ಸೇರುವುದನ್ನು ಆತ ಕಂಡಿದ್ದನು. ಸೂರ್ಯನ ಕಲೆಗಳಿಂದಲೂ ಇಂಥವೇ ಕಿರಣಗಳು ಹೊರಟು, ಭೂಮಿಯೆಂಬ ಮಹಾಕಾಂತದ ಬಲರೇಖೆಗಳ ಗುಂಟ ಜಾರಿ ಧ್ರುವಗಳ ಬಳಿ ವಾಯುಮಂಡಲವನ್ನು ತಾಕಿದರೆ? ಆ ಕಿರಣಗಳು ಇಲೆಕ್ಟ್ರಾನುಗಳ ಪ್ರವಾಹವೆಂದು ಜೆ. ಜೆ. ಥಾಮ್ಸನ್ ತೋರಿಸಿಕೊಟ್ಟದ್ದು ಮರುವರ್ಷ.

ಹೇಳಿ ಸುಮ್ಮನಾಗುವ ಜಾಯಮಾನ ಆತನದಲ್ಲ. ಗಾಜಿನ ಗೋಡೆಗಳ ಪೆಟ್ಟಿಗೆಯೊಂದರಿಂದ ಗಾಳಿಯನ್ನು ಹೊರತೆಗೆದು, ಅದರೊಳಗೆ ಒಂದು ಪುಟ್ಟ ಭೂಮಿಯನ್ನು ತೂಗುಬಿಟ್ಟನು. ಲೋಹದ ಗೋಳ, ಒಡಲಲ್ಲಿ ವಿದ್ಯುತ್ಕಾಂತ, ಮೈಮೇಲೆ ಕಿರಣ ತಾಗಿದರೆ ಹೊಳೆಯುವ ರಾಸಾಯನಿಕದ ಲೇಪ. ಇದಕ್ಕೆ ಟೆರೆಲ್ಲಾ, ಅಂದರೆ ಕಿರುಭೂಮಿ, ಎಂದು ಹೆಸರು. ಕಾಂತಕ್ಕೆ ವಿದ್ಯುತ್ ಇಲ್ಲದಾಗ ಕಿರಣಗಳು ಗೋಳದ ಒಂದು ಮಗ್ಗುಲನ್ನಷ್ಟೇ ಬೆಳಗುತ್ತಿದ್ದವು. ವಿದ್ಯುತ್ ಹರಿದೊಡನೆ ಆ ಬೆಳಕು ಸರಿದು, ಎರಡು ಧ್ರುವಗಳ ಸುತ್ತ ಎರಡು ಬಳೆಗಳಾಗಿ ನಿಲ್ಲುತ್ತಿತ್ತು. ಧ್ರುವದ ಬಿಂದುವಿನ ಮೇಲಲ್ಲ, ಅದರ ಸುತ್ತ ಎಂಬುದನ್ನು ಗಮನಿಸಬೇಕು. ಭೂಮಿಯ ಮೇಲೂ ಪ್ರಭೆ ಹೆಚ್ಚಾಗಿ ಕಾಣುವುದು ಧ್ರುವದಲ್ಲಲ್ಲ; ಧ್ರುವಕ್ಕೆ ಕೊಂಚ ಈಚೆ, ಬಳೆಯಾಕಾರದ ಒಂದು ವಲಯದಲ್ಲಿ.

ಹಾಲ್ಡೆಯ ಎರಡು ಶಿಖರಗಳಿಂದ ಏಕಕಾಲದಲ್ಲಿ ನೋಡಿ ಪ್ರಭೆಯ ಎತ್ತರವನ್ನು ಲೆಕ್ಕಹಾಕುವುದು ಆತನ ಉದ್ದೇಶಗಳಲ್ಲಿ ಒಂದಾಗಿತ್ತು. ಆದರೆ ಅದು ಕೈಗೂಡಲಿಲ್ಲ. ಶಿಖರಗಳ ನಡುವಣ ಅಂತರವು ಸಾಲದಾಯಿತು. ಪ್ರಭೆ ಅಷ್ಟು ಎತ್ತರದಲ್ಲಿತ್ತು. ಮುಂದೆ 1910ರ ಹೊತ್ತಿಗೆ ಕಾರ್ಲ್ ಸ್ಟೋರ್ಮರ್ ಎಂಬ ಗಣಿತಜ್ಞನು ಇನ್ನಷ್ಟು ದೂರ ದೂರದ ಠಾಣೆಗಳಿಂದ, ದೂರವಾಣಿಯಲ್ಲಿ ಸಂಜ್ಞೆ ಕೊಟ್ಟು ಒಂದೇ ಕ್ಷಣದಲ್ಲಿ ಛಾಯಾಚಿತ್ರಗಳನ್ನು ತೆಗೆಸಿದನು. ಪ್ರಭೆಯ ಕೆಳಗಂಚು ನೆಲದಿಂದ ಸುಮಾರು 100 ಕಿಲೋಮೀಟರು ಮೇಲಿದೆ ಎಂಬುದು ಹೀಗೆ ಸ್ಥಿರಪಟ್ಟಿತು.

ಹಾಲ್ಡೆಯಿಂದ ಇಳಿದ ಬಿರ್ಕೆಲಾಂಡ್ ಇನ್ನೂ ದೊಡ್ಡ ಸಾಹಸಕ್ಕೆ ಕೈಯಿಕ್ಕಿದನು. 1902-03ರ ಚಳಿಗಾಲದಲ್ಲಿ ನಾರ್ವೆ, ಐಸ್‌ಲೆಂಡ್, ಸ್ಪಿಟ್ಸ್‌ಬರ್ಗನ್, ನೊವಾಯಾ ಜೆಮ್ಲ್ಯಾ ಎಂಬ ನಾಲ್ಕು ಕಡೆ ನಾಲ್ಕು ಠಾಣೆಗಳನ್ನು ಹೂಡಿ, ಏಕಕಾಲದಲ್ಲಿ ಕಾಂತಸೂಜಿಗಳ ಚಲನೆಯನ್ನು ಬರೆಯಿಸಿದನು. ಆ ಬರೆಹಗಳನ್ನು ಒಟ್ಟಿಗಿಟ್ಟು ನೋಡಿದಾಗ ಪ್ರಭೆಯ ಗುಂಟ ಪೂರ್ವ ಪಶ್ಚಿಮವಾಗಿ ಭಾರಿ ವಿದ್ಯುತ್ಪ್ರವಾಹವು ಹರಿಯುತ್ತಿರುವುದು ಕಂಡಿತು. ಅದರ ಬಲವು ದಶಲಕ್ಷ ಆಂಪೇರುಗಳ ಸರಿಸುಮಾರಿನದು. ಈ ಪ್ರವಾಹವು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು? ಆಕಾಶದಿಂದ ಬಲರೇಖೆಯ ಗುಂಟ ಇಳಿಯುತ್ತದೆ, ಪ್ರಭೆಯ ಎತ್ತರದಲ್ಲಿ ಅಡ್ಡಲಾಗಿ ಹರಿಯುತ್ತದೆ, ಮತ್ತೆ ಬಲರೇಖೆಯನ್ನೇ ಹಿಡಿದು ಮೇಲೇರಿ ಹೋಗುತ್ತದೆ. ಇದು ಬಿರ್ಕೆಲಾಂಡನ ಉತ್ತರ. 1908 ಮತ್ತು 1913ರಲ್ಲಿ ಎರಡು ಭಾಗಗಳಾಗಿ ಹೊರಬಂದ ಆತನ ಬೃಹದ್ಗ್ರಂಥದ ತಿರುಳೂ ಇದೇ.

ಇಷ್ಟಕ್ಕೆಲ್ಲ ಹಣ ಬೇಕಲ್ಲವೆ? ಅದಕ್ಕಾಗಿ ಆತನು ಹಿಡಿದ ದಾರಿಗಳು ವಿಚಿತ್ರವಾದವು. ಸಿಡಿಮದ್ದಿಲ್ಲದೆ ವಿದ್ಯುತ್ಕಾಂತದ ಬಲದಿಂದಲೇ ಗುಂಡು ಎಸೆಯುವ ಫಿರಂಗಿಯನ್ನು ಕಟ್ಟಿ 1903ರಲ್ಲಿ ತುಂಬಿದ ಸಭೆಯ ಮುಂದೆ ಪ್ರದರ್ಶಿಸಹೋದಾಗ, ಅಡ್ಡಹರಿವಿನಿಂದ ಭಾರಿ ಕಿಡಿಯೆದ್ದು ಸಭಿಕರು ದಿಕ್ಕಾಪಾಲಾದರು. ಆದರೆ ಆ ಕಿಡಿಯಲ್ಲಿಯೇ ಬೇರೊಂದು ಉಪಯೋಗ ಅಡಗಿತ್ತು. ಸಾಮ್ ಐಡೆ ಎಂಬ ಎಂಜಿನಿಯರನೊಡನೆ ಸೇರಿ, ವಿದ್ಯುತ್ ಚಾಪದಿಂದ ಗಾಳಿಯ ಸಾರಜನಕವನ್ನು ಸೆರೆಹಿಡಿದು ಗೊಬ್ಬರ ತಯಾರಿಸುವ ಕುಲುಮೆಯನ್ನು ಆತ ರೂಪಿಸಿದನು. 1905ರಲ್ಲಿ ಹುಟ್ಟಿದ ನಾರ್ಸ್ಕ್ ಹೈಡ್ರೊ ಉದ್ಯಮಕ್ಕೆ ಈ ಕುಲುಮೆಯೇ ಅಡಿಗಲ್ಲು. ರೈತನ ಹೊಲಕ್ಕೆ ಬಿದ್ದ ಗೊಬ್ಬರಕ್ಕೂ ಧ್ರುವಪ್ರಭೆಯ ಶೋಧನೆಗೂ ಹೀಗೊಂದು ಸಂಬಂಧವಿರುವುದು ಬಹಳ ಜನಕ್ಕೆ ತಿಳಿಯದು.

ವಿದ್ವತ್ಸಮಾಜವು ಆತನ ಸಿದ್ಧಾಂತವನ್ನು ಒಪ್ಪಲಿಲ್ಲ. ಅದಕ್ಕೆ ಕಾರಣವೂ ಇತ್ತು. ಒಂದೇ ಬಗೆಯ ವಿದ್ಯುದಂಶವುಳ್ಳ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಬರಿಯ ಇಲೆಕ್ಟ್ರಾನುಗಳ ಕಿರಣವು ಸೂರ್ಯನಿಂದ ಭೂಮಿಗೆ ಬರುವಷ್ಟರಲ್ಲಿ ಚದುರಿ ಹೋಗದೆ ಇರುತ್ತದೆಯೆ ಎಂದು ಆರ್ಥರ್ ಶುಸ್ಟರ್ 1911ರಲ್ಲಿ ಆಕ್ಷೇಪಿಸಿದನು. ಆಕ್ಷೇಪ ಸರಿಯಾದುದೇ. ಬಿರ್ಕೆಲಾಂಡನೂ ತನ್ನ ಕಡೆಯ ವರ್ಷಗಳಲ್ಲಿ, ಸೂರ್ಯನಿಂದ ಬರುವ ಕಣಗಳಲ್ಲಿ ಋಣ ಧನ ಎರಡೂ ಇರಬೇಕೆಂಬ ನಿಲುವಿಗೆ ಬಂದನು.

ಅಷ್ಟರಲ್ಲಿ ಆತನ ಶರೀರ ಸೋತಿತ್ತು. ನಿದ್ರೆ ದೂರವಾಗಿ, ವೆರೊನಾಲ್ ಎಂಬ ಔಷಧಿ ಅಭ್ಯಾಸವಾಯಿತು. ಮುಸ್ಸಂಜೆಯಲ್ಲಿ ಕಾಣುವ ರಾಶಿಚಕ್ರದ ಬೆಳಕೆಂಬ ಇನ್ನೊಂದು ಪ್ರಭೆಯನ್ನು ಅಭ್ಯಸಿಸಲು ಈಜಿಪ್ಟಿಗೆ ಹೋದವನು, ಮಹಾಯುದ್ಧದ ನಡುವೆ ಊರಿಗೆ ಮರಳುವ ಹಾದಿಯಲ್ಲಿ ಜಪಾನಿಗೆ ಬಂದು, 1917ರ ಜೂನ್ 15ರಂದು ಟೋಕಿಯೊದ ಹೋಟೆಲೊಂದರ ಕೊಠಡಿಯಲ್ಲಿ ತೀರಿಕೊಂಡನು. ವೆರೊನಾಲಿನ ಪ್ರಮಾಣ ಮಿತಿಮೀರಿತ್ತು. ವಯಸ್ಸು 49. ಹಿಮದಲ್ಲಿ ಬದುಕಿ ಉಳಿದವನ ಅಂತ್ಯ ಅನ್ಯದೇಶದ ಹಾಸಿಗೆಯಲ್ಲಾದುದನ್ನು ಓದುವಾಗ ಮನಸ್ಸು ಭಾರವಾಗದಿರದು.

ಆತನ ಮರಣಾನಂತರ ಈ ವಿಷಯದಲ್ಲಿ ಅಗ್ರಗಣ್ಯನಾದವನು ಬ್ರಿಟನ್ನಿನ ಸಿಡ್ನಿ ಚಾಪ್ಮನ್. ಪ್ರಚಂಡ ಗಣಿತಜ್ಞ. ಸೂಜಿಯ ಅಲುಗಾಟಕ್ಕೆ ಆಕಾಶದಿಂದ ಇಳಿಯುವ ಪ್ರವಾಹ ಬೇಕಿಲ್ಲ, ವಾಯುಮಂಡಲದ ಮೇಲ್ಪದರದಲ್ಲೇ ಸುತ್ತುವ ಪ್ರವಾಹವೇ ಸಾಕು ಎಂದು ಆತ ಸಾಧಿಸಿದನು. ಇಲ್ಲಿ ಒಂದು ಸೂಕ್ಷ್ಮವಿದೆ. ಚಾಪ್ಮನ್ನನ ಗಣಿತದಲ್ಲಿ ದೋಷವಿರಲಿಲ್ಲ. ನೆಲದ ಮೇಲಿಟ್ಟ ಸೂಜಿಗಳು ಎಷ್ಟೇ ಇರಲಿ, ಅವುಗಳ ಸಾಕ್ಷ್ಯವೊಂದರಿಂದಲೇ ಈ ಎರಡು ಚಿತ್ರಗಳಲ್ಲಿ ಯಾವುದು ನಿಜವೆಂದು ನಿರ್ಣಯಿಸಲು ಸಾಧ್ಯವೇ ಇಲ್ಲ. ಎರಡೂ ಸೂಜಿಯನ್ನು ಒಂದೇ ರೀತಿ ಅಲುಗಿಸಬಲ್ಲವು. ಬಿರ್ಕೆಲಾಂಡ್ ಎಷ್ಟು ಬೆಟ್ಟಗಳನ್ನು ಹತ್ತಿದ್ದರೂ ಆ ವಾದ ತೀರುತ್ತಿರಲಿಲ್ಲ. ತೀರದ ಆ ಸಂದೇಹದಲ್ಲಿ ಲೋಕವು ಅಚ್ಚುಕಟ್ಟಾದ ಗಣಿತದ ಕಡೆ ವಾಲಿತು. ಬಿರ್ಕೆಲಾಂಡನ ಪಕ್ಷ ವಹಿಸಿದ ಸ್ವೀಡನ್ನಿನ ಹಾನ್ನೆಸ್ ಆಲ್ಫ್‌ವೆನ್ 1939ರಲ್ಲಿ ಬರೆದ ಪ್ರಬಂಧವನ್ನು ಅಮೆರಿಕದ ಪತ್ರಿಕೆ ಹಿಂದಿರುಗಿಸಿತು. ಅದು ಸ್ವೀಡನ್ನಿನಲ್ಲಿಯೇ ಅಚ್ಚಾಗಬೇಕಾಯಿತು. ಇದೇ ಆಲ್ಫ್‌ವೆನ್ ಮುಂದೆ 1970ರಲ್ಲಿ ನೊಬೆಲ್ ಪಾರಿತೋಷಕ ಪಡೆದನು.

ಈ ವಾದದ ನಡುವೆ, ಬೆಳಕಿನ ಬಣ್ಣದ ಒಗಟು ಬೇರೊಂದು ಕಡೆ ಬಿಡಿಸಿಕೊಳ್ಳುತ್ತಿತ್ತು. 1860ರ ದಶಕದಲ್ಲಿ ಆಂಡರ್ಸ್ ಆಂಗ್‌ಸ್ಟ್ರಮ್ ಪ್ರಭೆಯ ರೋಹಿತವನ್ನು ಪರೀಕ್ಷಿಸಿ ಅದರಲ್ಲಿ ಒಂದು ಹಸಿರು ಗೆರೆಯನ್ನು ಕಂಡಿದ್ದನು. ಇಂದಿನ ಅಳತೆಯಲ್ಲಿ ಅದರ ತರಂಗದೂರ 557.7 ನ್ಯಾನೊಮೀಟರು. ಅಂದಿಗೆ ತಿಳಿದಿದ್ದ ಯಾವ ಅನಿಲದಲ್ಲೂ ಆ ಗೆರೆ ಸಿಕ್ಕಲಿಲ್ಲ. ಭೂಮಿಯ ಮೇಲಿಲ್ಲದ ಯಾವುದೋ ಅನಿಲವು ಮೇಲೆ ಇರಬಹುದೆಂದು ಊಹಿಸಿ ಅದಕ್ಕೆ ಹೆಸರಿಟ್ಟವರೂ ಇದ್ದರು. 1925ರಲ್ಲಿ ಕೆನಡಾದ ಜಾನ್ ಮ್ಯಾಕ್ಲೆನನ್ ಮತ್ತು ಗಾರ್ಡನ್ ಶ್ರಮ್ ಅವರು ಆ ಗೆರೆಯನ್ನು ಪ್ರಯೋಗಶಾಲೆಯಲ್ಲಿ ಮೂಡಿಸಿ ತೋರಿಸಿದರು. ಅದು ಯಾವ ಅಪೂರ್ವ ವಸ್ತುವಿನದೂ ಅಲ್ಲ. ಸಕಲರೂ ಉಸಿರಾಡುವ ಆಮ್ಲಜನಕದ್ದು.

ಹಾಗಾದರೆ ಕೆಳಗಿನ ಗಾಳಿಯಲ್ಲಿ ಅದೇಕೆ ಕಾಣುವುದಿಲ್ಲ? ಇಲೆಕ್ಟ್ರಾನಿನ ಪೆಟ್ಟು ತಿಂದ ಆಮ್ಲಜನಕದ ಪರಮಾಣು ತನಗೆ ದೊರೆತ ಶಕ್ತಿಯನ್ನು ಹಸಿರು ಬೆಳಕಾಗಿ ಬಿಡಲು ಸರಾಸರಿ ಮುಕ್ಕಾಲು ಸೆಕೆಂಡಿನಷ್ಟು ಕಾಲ ತೆಗೆದುಕೊಳ್ಳುತ್ತದೆ. ಪರಮಾಣುಗಳ ಲೋಕದಲ್ಲಿ ಇದು ಯುಗವೇ ಸರಿ. ತುಂಬಿದ ಕೊಡವನ್ನು ತಲೆಯ ಮೇಲೆ ಹೊತ್ತವಳು ತೇರಿನ ಜನಜಂಗುಳಿಯಲ್ಲಿ ಸಿಕ್ಕಿಕೊಂಡರೆ ನಾಲ್ಕು ಹೆಜ್ಜೆಗೇ ನೀರೆಲ್ಲ ಚೆಲ್ಲಿಹೋದೀತು. ಬಯಲಿನಲ್ಲಿ ನಡೆದರೆ ಮನೆಯವರೆಗೆ ತಂದಾಳು. ಕೆಳಗಿನ ದಟ್ಟವಾದ ಗಾಳಿಯಲ್ಲಿ ಪರಮಾಣುವು ನೆರೆಯವರಿಗೆ ಡಿಕ್ಕಿ ಹೊಡೆದು ಶಕ್ತಿಯನ್ನು ಚೆಲ್ಲಿಬಿಡುತ್ತದೆ. 100 ಕಿಲೋಮೀಟರಿಗೂ ಮೇಲಿನ ವಿರಳವಾದ ಗಾಳಿಯಲ್ಲಿ ಅದಕ್ಕೆ ಬೇಕಾದ ಬಿಡುವು ಸಿಗುತ್ತದೆ. ಕೆಂಪು ಬೆಳಕಿಗೆ ಬೇಕಾದ ಬಿಡುವು ಇನ್ನೂ ಹೆಚ್ಚು, ಒಂದೂವರೆ ನಿಮಿಷಕ್ಕೂ ಮಿಕ್ಕು. ಆದ್ದರಿಂದಲೇ ಕೆಂಪು 200 ಕಿಲೋಮೀಟರಿನಿಂದಾಚೆ, ಗಾಳಿಯೆಂದು ಕರೆಯಲೂ ಸಂಕೋಚವಾಗುವ ಎತ್ತರದಲ್ಲಿ ಮೂಡುತ್ತದೆ. ಕೆಳಗಂಚಿನ ನೇರಿಳೆ ಸಾರಜನಕದ್ದು. ಅದಕ್ಕೆ ಕಾಯುವ ತಾಳ್ಮೆಯ ಅಗತ್ಯವಿಲ್ಲ.

ಪ್ರವಾಹದ ವ್ಯಾಜ್ಯವನ್ನು ತೀರಿಸಬೇಕಾದರೆ ಉಪಕರಣವು ಪ್ರಭೆಗಿಂತ ಮೇಲಕ್ಕೆ ಹೋಗಬೇಕಿತ್ತು. ಅದು 1960ರ ದಶಕದಲ್ಲಿ ಕೂಡಿಬಂತು. ಅಮೆರಿಕದ ನೌಕಾಪಡೆಯ ಒಂದು ಪುಟ್ಟ ಉಪಗ್ರಹ, ಸುಮಾರು 1100 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತ, ಪ್ರಭೆಯ ವಲಯವನ್ನು ದಾಟಿದಾಗಲೆಲ್ಲ ಕಾಂತಕ್ಷೇತ್ರವು ಪಕ್ಕಕ್ಕೆ ತಿರುಚಿಕೊಳ್ಳುವುದನ್ನು ದಾಖಲಿಸಿತು. 1966ರಲ್ಲಿ ಇದನ್ನು ಪ್ರಕಟಿಸಿದ ಆಲ್ಫ್ರೆಡ್ ಜ್ಮುಡ ಮತ್ತು ಸಂಗಡಿಗರು ಮೊದಲು ಅದನ್ನು ಅಲೆಗಳೆಂದೇ ಬಗೆದರು. ಅಲೆಯಲ್ಲ, ಬಲರೇಖೆಯ ಗುಂಟ ಹರಿಯುವ ಪ್ರವಾಹವೇ ಈ ತಿರುಚನ್ನು ಮಾಡುತ್ತಿದೆ ಎಂದು 1967ರಲ್ಲಿ ಕಮಿಂಗ್ಸ್ ಮತ್ತು ಡೆಸ್ಲರ್ ವಿವರಿಸಿದರು. ಬಿರ್ಕೆಲಾಂಡ್ ಸತ್ತು ಸರಿಯಾಗಿ 50 ವರ್ಷಗಳಾಗಿದ್ದವು. ಮುಂದೆ 1970ರ ದಶಕದಲ್ಲಿ ಟ್ರಯಡ್ ಎಂಬ ಉಪಗ್ರಹದ ಅಳತೆಗಳಿಂದ, ಧ್ರುವವನ್ನು ಸುತ್ತುವರಿದ ಎರಡು ಬಳೆಗಳಲ್ಲಿ ಒಂದೆಡೆ ಪ್ರವಾಹ ಇಳಿಯುವುದೂ ಒಂದೆಡೆ ಏರುವುದೂ ನಕ್ಷೆಯಾಗಿ ಮೂಡಿತು. ಅವುಗಳಿಗೆ ಇಂದು ಬಿರ್ಕೆಲಾಂಡ್ ಪ್ರವಾಹಗಳೆಂದೇ ಹೆಸರು.

ಹಾಗೆಂದು ಆತ ಹೇಳಿದ್ದೆಲ್ಲವೂ ನಿಜವಾಯಿತೆಂದು ಬರೆದರೆ ಅದು ಸತ್ಯಕ್ಕೆ ಅಪಚಾರ. ಸೂರ್ಯನ ಕಿರಣವು ನೇರವಾಗಿ ಬಂದು ಧ್ರುವದಲ್ಲಿ ಇಳಿಯುವುದಿಲ್ಲ. ಸೂರ್ಯನಿಂದ ಸದಾ ಬೀಸುವ ಸೌರಮಾರುತವಿದೆ. ಸೆಕೆಂಡಿಗೆ ಸುಮಾರು 400 ಕಿಲೋಮೀಟರು ವೇಗದ ಅದರಲ್ಲಿ ಋಣ ಧನ ಕಣಗಳು ಸಮವಾಗಿರುತ್ತವೆ. ಅದು ಭೂಮಿಯ ಕಾಂತಕ್ಷೇತ್ರವನ್ನು ಒತ್ತಿ, ಇರುಳ ಕಡೆಗೆ ಉದ್ದನೆಯ ಬಾಲವಾಗಿ ಎಳೆಯುತ್ತದೆ. ಆ ಬಾಲದಲ್ಲಿ ಬಲರೇಖೆಗಳು ಹಿಗ್ಗಿ ಹಿಗ್ಗಿ, ಕಡಿದು ಮತ್ತೆ ಬೆಸೆದುಕೊಂಡಾಗ ಕೂಡಿಟ್ಟ ಶಕ್ತಿ ಬಿಡುಗಡೆಯಾಗುತ್ತದೆ. ಇಲೆಕ್ಟ್ರಾನುಗಳು ಭೂಮಿಯ ಕಡೆಗೆ ಧಾವಿಸಿ, ನೆಲದಿಂದ ಕೆಲವು ಸಾವಿರ ಕಿಲೋಮೀಟರು ಮೇಲೆ ಮತ್ತೊಮ್ಮೆ ನೂಕಿಸಿಕೊಂಡು ಗಾಳಿಗೆ ಅಪ್ಪಳಿಸುತ್ತವೆ. ಈ ನೂಕಿನಲ್ಲಿ ಒಂದು ಪಾಲು ಆಲ್ಫ್‌ವೆನ್ ಹೆಸರಿನ ಅಲೆಗಳದು. ಅಂಥ ಅಲೆಯ ಬೆನ್ನೇರಿ ಇಲೆಕ್ಟ್ರಾನು ವೇಗ ಪಡೆಯುವುದನ್ನು ಪ್ರಯೋಗಶಾಲೆಯಲ್ಲಿ ಅಳೆದು ತೋರಿಸಿದ್ದು 2021ರಲ್ಲಿ. ಬಿರ್ಕೆಲಾಂಡ್ ಮೂಲವನ್ನು ತಪ್ಪಾಗಿ ಊಹಿಸಿದನು. ಕಾಲುವೆಯನ್ನು ಸರಿಯಾಗಿ ಗುರುತಿಸಿದನು.

ಹಾಲ್ಡೆಯ ವೀಕ್ಷಣಾಲಯವನ್ನು ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯವು ಸುಟ್ಟಿತು. ಕಲ್ಲಿನ ಗೋಡೆಗಳು ಉಳಿದವು. ಅವನ್ನು ಬಹುಕಾಲದ ಮೇಲೆ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. 1994ರಲ್ಲಿ ನಾರ್ವೆ ಹೊರಡಿಸಿದ 200 ಕ್ರೋನರ್ ನೋಟಿನ ಮೇಲೆ ಆತನ ಮುಖವಿತ್ತು. ಆ ನೋಟೂ ಈಗ ಚಲಾವಣೆಯಲ್ಲಿಲ್ಲ.

ಕನ್ನಡ ನಾಡಿನ ಆಕಾಶಕ್ಕೆ ಧ್ರುವಪ್ರಭೆ ಇಳಿದು ಬರುವುದಿಲ್ಲ. ಆದರೂ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಅದರ ಪರಿಚಯವಿದೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರು ಎತ್ತರದ ಮೇಲೆ, ಆ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ ದೂರದರ್ಶಕವನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಿಂದಲೇ ನಡೆಸುತ್ತಾರೆ. 2024ರ ಮೇ 10ರ ರಾತ್ರಿ, ಎರಡು ದಶಕಗಳಲ್ಲೇ ಅತ್ಯಂತ ಬಲವಾದ ಸೌರಬಿರುಗಾಳಿ ಭೂಮಿಯನ್ನು ಬಡಿದಾಗ, ಹಾನ್ಲೆಯ ಆಕಾಶವನ್ನೆಲ್ಲ ಒಮ್ಮೆಗೇ ನೋಡುವ ಕ್ಯಾಮರಾದಲ್ಲಿ ಉತ್ತರದ ಬೆಟ್ಟಸಾಲಿನ ಮೇಲೆ ಕೆಂಪು ಬೆಳಕೊಂದು ದಾಖಲಾಯಿತು. ಅಲ್ಲಿ ಹಸಿರು ಇರಲಿಲ್ಲ. ಪ್ರಭೆ ನಡೆಯುತ್ತಿದ್ದುದು ಬಹು ದೂರದ ಉತ್ತರದಲ್ಲಿ. ಒಂದೂವರೆ ನಿಮಿಷ ಕಾದು ಹೊಳೆಯುವ ಆ ಎತ್ತರದ ಪರಮಾಣುಗಳಷ್ಟೇ ಹಾನ್ಲೆಗೆ ಕಂಡವು. ಕೆಳಗಿನ ಹಸಿರು ತೆರೆಯೆಲ್ಲ ಭೂಮಿಯ ಬಾಗಿನ ಆಚೆ, ದಿಗಂತದ ಮರೆಯಲ್ಲಿಯೇ ಉಳಿಯಿತು.